ನೀಲಿ ಕೋಳಿಯ ಲೆಕ್ಕ

ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ಹಿಂದಿನಿಂದ ಬೆನ್ನು ತಟ್ಟಿ, "ಏನ್ ಡಾಕ್ಟ್ರೇ, ಮನೇಲಿ ಕೋಳಿ ಸಾಕಿದೀರಂತೆ? ನೀವು ತಿನ್ನೋರಲ್ವಲ್ಲ, ಮತ್ಯಾಕೆ?" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ "ಮತ್ಯಾಕೆ" ಹೋಳಿಗೆಯ ಜೊತೆಗೆ ಮನೆಯವರೆಗೂ ಬಂತು. ನಮ್ಮ ಸಂಪಾದಕರು "ಈ ಸಲ ಕೊಲೆಸ್ಟರಾಲ್ ಬೇಡ, ಡಯಾಬಿಟಿಸೂ ಬೇಡ, ಓದುಗರಿಗೆ ಭಯವಾಗಿದೆ. ಬೇರೆ ಏನಾದರೂ ಬರೆದು ಕೊಡಿ" ಎಂದು ಫೋನು ಮಾಡಿದಾಗ, ಆ ಹಿರಿಯರಿಗೆ ತಟ್ಟೆ ಹಿಡಿದು ನಿಂತು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯೋಣವೆನ್ನಿಸಿತು.

ನಾನು ಹಾಸನ ಜಿಲ್ಲೆಯ ಹಳ್ಳಿಯವನು. ಪಕ್ಕದ ಮನೆಯ ಕೋಳಿ ನಮ್ಮ ಅಂಗಳಕ್ಕೆ ಬಂದರೆ ಅಜ್ಜಿ ಪೊರಕೆ ಹಿಡಿದು ಓಡಿಸುತ್ತಿದ್ದರು. ಅಂಥ ಮನೆಯಿಂದ ಮೈಸೂರಿಗೆ ಹೋಗಿ ಎಂಬಿಬಿಎಸ್ ಮುಗಿಸಿ, ಅಮೆರಿಕಕ್ಕೆ ಬಂದು ಮಕ್ಕಳ ವೈದ್ಯನಾಗಿ, ಐವತ್ತು ದಾಟಿದ ಮೇಲೆ ಕೋಳಿಗೂಡು ತೊಳೆಯುತ್ತೇನೆಂದು ಯಾರಾದರೂ ಭವಿಷ್ಯ ಹೇಳಿದ್ದರೆ ಅಜ್ಜಿ ಅವರನ್ನೂ ಪೊರಕೆಯಲ್ಲೇ ಓಡಿಸುತ್ತಿದ್ದರು! ಕಾರಣ ನನ್ನ ಕಿರಿಯ ಮಗಳು. ಇಲ್ಲಿ ಒಹಾಯೊದಲ್ಲಿ ಬೇಸಿಗೆಯ ಕೌಂಟಿ ಜಾತ್ರೆಗೆ ಕರೆದುಕೊಂಡು ಹೋಗಿದ್ದಾಗ ಕೋಳಿಗಳ ಪ್ರದರ್ಶನದ ಕೊಟ್ಟಿಗೆಯಲ್ಲಿ ಅವಳು ಒಂದು ಪಂಜರದ ಮುಂದೆ ನಿಂತವಳು ಅರ್ಧ ಗಂಟೆ ಅಲ್ಲಾಡಲಿಲ್ಲ. ಆಂಡಲೂಸಿಯನ್ ಎಂಬ ತಳಿ. ಹೆಸರು ಸ್ಪೇನಿನದು. ಬಣ್ಣ ನೀಲಿಯೆಂದು ಕರೆಯುತ್ತಾರೆ, ನಿಜಕ್ಕೂ ನಾವು ಪ್ರೈಮರಿ ಶಾಲೆಯಲ್ಲಿ ಬಳಪದಿಂದ ಬರೆಯುತ್ತಿದ್ದ ಸ್ಲೇಟಿನ ಬಣ್ಣ. ಪ್ರತಿ ಗರಿಗೂ ಕಡುಬಣ್ಣದ ಸಣ್ಣ ಅಂಚು, ರೇಷ್ಮೆ ಸೀರೆಗೆ ಅಂಚು ಇದ್ದ ಹಾಗೆ. ನೋಡಲು ಬಹಳ ಚೆಂದ, ಸುಳ್ಳು ಹೇಳಬಾರದು. ನಮ್ಮ ಮನೆ ಊರಿನ ಗಡಿಯಾಚೆ ಎರಡು ಎಕರೆಯಲ್ಲಿರುವುದರಿಂದ ಹುಂಜ ಇಟ್ಟುಕೊಳ್ಳಲೂ ಅಡ್ಡಿಯಿಲ್ಲ. ಮಗಳು ಗೆದ್ದಳು.

ಈ ನೀಲಿಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಕೋಳಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಜೀನುಗಳು ಜೋಡಿಯಾಗಿ ಬರುತ್ತವೆ. ಕಪ್ಪು ಕೋಳಿಯಲ್ಲಿ ಈ "ನೀಲಿ" ಜೀನಿನ ಪ್ರತಿ ಒಂದು ಮಾತ್ರ ಇದ್ದರೆ ಕಪ್ಪು ತೆಳುವಾಗಿ ಸ್ಲೇಟಿನ ಬಣ್ಣವಾಗುತ್ತದೆ. ಎರಡೂ ಇದ್ದರೆ ಇನ್ನೂ ತೆಳುವಾಗಿ ಕೊಳೆ ಬಿಳುಪಾಗುತ್ತದೆ, ಮೇಲೆ ಅಲ್ಲಲ್ಲಿ ಕಪ್ಪು-ನೀಲಿ ಕಲೆಗಳು, ಸುಣ್ಣ ಬಳಿದ ಗೋಡೆಗೆ ಹುಡುಗರು ಇಂಕು ಎರಚಿದ ಹಾಗೆ. ಅದಕ್ಕೆ ಸ್ಪ್ಲ್ಯಾಶ್ ಎಂದೇ ಹೆಸರು. ಒಂದೂ ಇಲ್ಲದಿದ್ದರೆ ಬರೀ ಕಪ್ಪು. ಆದ್ದರಿಂದ ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನು ಕೂಡಿಸಿದರೆ ಮರಿಗಳಲ್ಲಿ ಸರಾಸರಿ ಕಾಲು ಭಾಗ ಕಪ್ಪು, ಅರ್ಧ ನೀಲಿ, ಕಾಲು ಭಾಗ ಸ್ಪ್ಲ್ಯಾಶ್. ಹತ್ತು ತಲೆಮಾರು ಆರಿಸಿ ಆರಿಸಿ ಬೆಳೆಸಿದರೂ ಇದೇ ಲೆಕ್ಕ. ಸಾಕಣೆದಾರರು ಇದನ್ನು ತಮ್ಮ ತಳಿಯ ಕೊಳೆಯೆಂದು ತಿಳಿದು ತೊಳೆಯಲು ನೋಡಿ ಸೋತರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕೇಂಬ್ರಿಜಿನ ಬೇಟ್ಸನ್, ಪನೆಟ್ ಮುಂತಾದವರು ಮೆಂಡೆಲನ ನಿಯಮಗಳಿಂದ ಇದರ ಗುಟ್ಟು ಬಿಡಿಸಿದರು. ತಳಿಶಾಸ್ತ್ರದ ಪಾಠಗಳಲ್ಲಿ ಈ ಕೋಳಿ ಇಂದಿಗೂ ಉದಾಹರಣೆಯಾಗಿ ಬರುತ್ತದೆ. ನಾವೂ ಪಿಯುಸಿಯಲ್ಲಿ ಓದಿ ಪರೀಕ್ಷೆಯಲ್ಲಿ ಚೌಕ ಬರೆದು ಅಂಕ ಪಡೆದದ್ದೇ. ಚೌಕದೊಳಗೆ ಕೋಳಿ ಇದೆಯೆಂದು ಆಗ ಹೊಳೆದಿರಲಿಲ್ಲ, ಅಷ್ಟೆ.

ತಮಾಷೆಯೆಂದರೆ ಅಮೆರಿಕದ ಪೌಲ್ಟ್ರಿ ಸಂಘದ ನಿಯಮಪುಸ್ತಕ. 1874ರಿಂದ ಅದು ಪ್ರಕಟವಾಗುತ್ತಿದೆ, ಈಗಿನ ಹೆಸರು "ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್", ಪರಿಪೂರ್ಣತೆಯ ಮಾನದಂಡ! ಆಂಡಲೂಸಿಯನ್ ತಳಿಗೆ ಅದು ಒಪ್ಪುವ ಬಣ್ಣ ನೀಲಿ ಒಂದೇ. ಕಪ್ಪು, ಸ್ಪ್ಲ್ಯಾಶ್ ಎರಡಕ್ಕೂ ಬಹುಮಾನವಿಲ್ಲ. ಆದರೆ ಜೀನಿನ ಲೆಕ್ಕದಲ್ಲಿ ನೋಡಿದರೆ ಕಪ್ಪೂ ಶುದ್ಧ, ಸ್ಪ್ಲ್ಯಾಶೂ ಶುದ್ಧ. ಬಹುಮಾನ ಪಡೆಯುವ ನೀಲಿಯೇ ಬೆರಕೆ.

ಅಂಚೆಯಲ್ಲಿ 24 ಮೊಟ್ಟೆ ತರಿಸಿದೆವು. ಇನ್‌ಕ್ಯುಬೇಟರಿನಲ್ಲಿ 37.5 ಡಿಗ್ರಿ ಸೆಲ್ಸಿಯಸ್, ದಿನಕ್ಕೆ ಹಲವು ಸಲ ಮೊಟ್ಟೆ ತಿರುಗಿಸಬೇಕು, ಕೊನೆಯ ಮೂರು ದಿನ ತಿರುಗಿಸಬಾರದು, ತೇವ ಹೆಚ್ಚಿಸಬೇಕು, ಒಟ್ಟು 21 ದಿನ. ಆಸ್ಪತ್ರೆಯಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಇಡುವ ಪೆಟ್ಟಿಗೆಗೂ ಇದಕ್ಕೂ ನಂಟು ಇದೆ. ಪ್ಯಾರಿಸ್ಸಿನ ಹೆರಿಗೆ ವೈದ್ಯ ಟಾರ್ನಿಯೆ ಅಲ್ಲಿನ ಮೃಗಾಲಯದಲ್ಲಿ ಕೋಳಿಮರಿಗಳ ಇನ್‌ಕ್ಯುಬೇಟರನ್ನು ಕಂಡು, ಅದನ್ನು ಮಾಡಿದವನಿಂದಲೇ ಶಿಶುಗಳಿಗೂ ಒಂದನ್ನು ಮಾಡಿಸಿದನಂತೆ. 1880ರ ಸುಮಾರಿನ ಮಾತು. ರೆಸಿಡೆನ್ಸಿಯ ದಿನಗಳಲ್ಲಿ ಅಂಥ ಪೆಟ್ಟಿಗೆಗಳ ನಡುವೆ ಎಷ್ಟು ರಾತ್ರಿ ಕಳೆದಿದ್ದೇನೋ ಲೆಕ್ಕವಿಲ್ಲ. ಒಂಬೈನೂರು ಗ್ರಾಂ ತೂಕದ ಮಗುವನ್ನು ಅದರೊಳಗೆ ಇಡುವಾಗ ಇದು ಬೇಕಾದದ್ದೋ ಬೇಡವಾದದ್ದೋ ಎಂದು ಯಾರೂ ಕೇಳುವುದಿಲ್ಲ.

ಹತ್ತೊಂಬತ್ತು ಮರಿ ಬಂದವು. ಆಂಡಲೂಸಿಯನ್ ಮರಿಗಳ ಬಣ್ಣ ಹುಟ್ಟಿದ ದಿನವೇ ತಿಳಿಯುತ್ತದೆ. ಆರು ಕಪ್ಪು, ಎಂಟು ನೀಲಿ, ಐದು ಸ್ಪ್ಲ್ಯಾಶ್. ಪುಸ್ತಕದ ಲೆಕ್ಕಕ್ಕೆ ಹತ್ತಿರವೇ ಬಂತಲ್ಲ ಎಂದು ನಾನು ಖುಷಿಯಲ್ಲಿದ್ದೆ. ಅಷ್ಟರಲ್ಲಿ ಮಗಳು ಎರಡು ರಟ್ಟಿನ ಡಬ್ಬ ತಂದು, ಒಂದರ ಮೇಲೆ "ಇಟ್ಟುಕೊಳ್ಳುವುದು", ಇನ್ನೊಂದರ ಮೇಲೆ "ಕೊಡುವುದು" ಎಂದು ಮಾರ್ಕರಿನಲ್ಲಿ ಬರೆದು, ಮರಿಗಳನ್ನು ಒಂದೊಂದಾಗಿ ಎತ್ತಿ ಇಡತೊಡಗಿದಳು. ಕೆಟ್ಟ ಹುಡುಗಿಯಲ್ಲ. ಇರುವೆ ತುಳಿದರೆ ಅಳುವವಳು. ಆದರೆ ಕೈ ಎಷ್ಟು ಚುರುಕಾಗಿ ಓಡುತ್ತಿತ್ತೆಂದರೆ, ನೀಲಿ ಇತ್ತ, ಕಪ್ಪು ಅತ್ತ, ನೀಲಿ ಇತ್ತ. ನನ್ನ ಎದೆಯಲ್ಲಿ ಏನೋ ಚುಚ್ಚಿತು. ಯಾಕೆಂದು ಆಗ ತಿಳಿಯಲಿಲ್ಲ.

ಬಣ್ಣದ ಮೇಲೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಎರಡು ತಿಂಗಳಾಗುವ ಹೊತ್ತಿಗೆ ಹತ್ತೊಂಬತ್ತರಲ್ಲಿ ಹತ್ತು ಹುಂಜ ಎಂದು ಗೊತ್ತಾಯಿತು. ಅಷ್ಟು ಹುಂಜಗಳು ಒಂದೇ ಗೂಡಿನಲ್ಲಿದ್ದರೆ ರಕ್ತ ಹರಿಯುತ್ತದೆ. ನೀಲಿಯಲ್ಲಿ ಒಂದನ್ನು ಇಟ್ಟುಕೊಂಡೆವು. ಸ್ಪ್ಲ್ಯಾಶ್ ಹುಂಜ ಒಂದಕ್ಕೆ ಕಾಲು ಸ್ವಲ್ಪ ಸೊಟ್ಟ, ಅದು ಹೋಗಲೇಬಾರದೆಂದು ಮಗಳು ಹಟ ಹಿಡಿದಳು. ಅದಕ್ಕೆ ಬೇರೆ ಗೂಡು ಕಟ್ಟಿದೆ. ಸ್ಪ್ಲ್ಯಾಶ್ ಹೇಂಟೆ ಮೂರನ್ನು ನಮ್ಮ ಕ್ಲಿನಿಕ್ಕಿನ ನರ್ಸ್ ಒಬ್ಬರು ಒಯ್ದರು. ಕಪ್ಪು ಹೇಂಟೆಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ, ಉಳಿದವು. ಮಿಕ್ಕ ಎಂಟು ಹುಂಜಗಳು? ಇಪ್ಪತ್ತು ಮೈಲಿ ದೂರದ ರೈತನೊಬ್ಬ ಬಂದ. ಸಜ್ಜನ. "ನಾನು ಇವನ್ನು ಸಾಕುವುದಿಲ್ಲ, ಡಾಕ್ಟರ್, ತಿನ್ನುತ್ತೇವೆ. ಮೊದಲೇ ಹೇಳಿಬಿಡುತ್ತೇನೆ" ಎಂದ. ನಾನು ತಲೆಯಾಡಿಸಿದೆ. ಸಂಜೆ ಮಗಳು ಕೇಳಿದಾಗ "ದೊಡ್ಡ ಫಾರಮ್ಮಿಗೆ ಹೋದವು, ಪುಟ್ಟಿ" ಎಂದೆ.

ನಮ್ಮಲ್ಲಿ "ಕೊಂದ ಪಾಪ ತಿಂದು ಪರಿಹಾರ" ಎಂಬ ಗಾದೆಯಿದೆ. ತಿನ್ನುವವರ ಸಮಾಧಾನಕ್ಕೆ ಮಾಡಿಕೊಂಡದ್ದೆಂದು ಚಿಕ್ಕಂದಿನಲ್ಲಿ ನಾವು ನಗುತ್ತಿದ್ದೆವು. ಈಗ ಆ ಗಾದೆಯಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. ಕೊಂದವನಿಗೆ ತಿನ್ನುವ ಹಸಿವಾದರೂ ಇತ್ತು. ಮರಿ ಮಾಡಿಸಿದವನು ನಾನು. ಕೊಲ್ಲಲಿಲ್ಲ, ತಿನ್ನಲಿಲ್ಲ, ಬಣ್ಣದ ಆಸೆಗೆ ಹುಟ್ಟಿಸಿ ಇನ್ನೊಬ್ಬರ ಕೈಗೆ ದಾಟಿಸಿದೆ. ನನ್ನ ಪಾಪಕ್ಕೆ ಗಾದೆಯಲ್ಲಿ ಪರಿಹಾರ ಕಾಣಿಸಲಿಲ್ಲ. ಸಸ್ಯಾಹಾರಿಗಳಾದ ನಾವು ಈ ಜಾಗದಲ್ಲಿ ಸ್ವಲ್ಪ ಎಚ್ಚರವಾಗಿರಬೇಕು. ಕೈ ಚೊಕ್ಕಟವಾಗಿದೆ ಎಂಬ ಸಂತೋಷದಲ್ಲಿ, ಚೊಕ್ಕಟವಾಗಿಟ್ಟುಕೊಟ್ಟವರು ಯಾರೆಂದು ಕೇಳುವುದೇ ಇಲ್ಲ. ಅಂಗಡಿಯ ಮೊಟ್ಟೆಯನ್ನೇ ನೋಡಿ. ಮೊಟ್ಟೆಯಿಡುವ ತಳಿಯಲ್ಲಿ ಹುಂಜಮರಿಗೆ ಬೆಲೆಯಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ನೂರಾರು ಕೋಟಿ ಹುಂಜಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಕೆಲವು ಬೆರಕೆಗಳಲ್ಲಿ ಗರಿಯ ಬಣ್ಣವೇ ಗುರುತು. ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಪಟ್ಟೆಗರಿಯ ಪ್ಲಿಮತ್ ರಾಕ್ ಹೇಂಟೆಯನ್ನು ಕೂಡಿಸಿದರೆ ಗಂಡುಮರಿಯ ನೆತ್ತಿಯ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ. ಹಣೆಬರಹ ಎಂದು ನಾವು ಹೇಳುತ್ತೇವಲ್ಲ, ಅಲ್ಲಿ ಅದು ಓದಲು ಸಿಗುವ ಹಾಗೆ ಬರೆದಿರುತ್ತದೆ.

ಹಾಗಾದರೆ ಬಣ್ಣವನ್ನು ಬಯಸುವುದೇ ತಪ್ಪೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಮನುಷ್ಯ ಎಲ್ಲ ಕಡೆಯೂ ಕೋಳಿಯ ಬಣ್ಣ ನೋಡಿದ್ದಾನೆ. ತುಳುನಾಡಿನ ಕೋಳಿ ಅಂಕದವರಿಗೆ ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ನೋಡಲು ಕುಕ್ಕುಟ ಪಂಚಾಂಗವೇ ಇದೆ. ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ಹಿತ್ತಿಲ ಸಾಕಣೆಗೆಂದು ಗಿರಿರಾಜ ತಳಿ ಮಾಡಿದಾಗ ಬಣ್ಣದ ಗರಿ ಇರುವಂತೆ ನೋಡಿಕೊಂಡರು. ಬಯಲಲ್ಲಿ ಮೇಯುವ ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ, ಹಳ್ಳಿಯ ಜನಕ್ಕೂ ಬಣ್ಣದ ಕೋಳಿಯೇ ಇಷ್ಟ. ಬ್ರಾಯ್ಲರ್ ಕೋಳಿಯನ್ನು ಬಿಳಿಯಾಗಿಸಿದ್ದು ಬೇರೆ ಕಾರಣಕ್ಕೆ. ಪುಕ್ಕ ಕಿತ್ತ ಮೇಲೆ ಚರ್ಮದಲ್ಲಿ ಕಪ್ಪು ಮೊಳೆಗಳು ಉಳಿದರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ಇನ್ನು ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಗರಿ, ಚರ್ಮ, ಮಾಂಸ ಎಲ್ಲ ಕಪ್ಪು. 2018ರಲ್ಲಿ ಭೌಗೋಳಿಕ ಗುರುತು ಪಡೆದ ಅದಕ್ಕೆ ಕಪ್ಪಗಿರುವುದಕ್ಕೇ ಹೆಚ್ಚು ಬೆಲೆ. ಒಂದು ಕಡೆ ಕಳೆಯುವ ಬಣ್ಣ ಇನ್ನೊಂದು ಕಡೆ ಕೂಡುತ್ತದೆ. ಕೋಳಿಗಂತೂ ಇದ್ಯಾವುದೂ ಗೊತ್ತಿಲ್ಲ. ನಮ್ಮ ಕಪ್ಪು ಹೇಂಟೆಗಳು ನೀಲಿಗಳಿಗಿಂತ ಒಂದು ಮೊಟ್ಟೆಯನ್ನೂ ಕಡಿಮೆ ಇಡುತ್ತಿಲ್ಲ.

ಭಯವಾಗುವುದು ಈ ಕೋಳಿಯ ಕಣ್ಣನ್ನು ಮನುಷ್ಯರ ಕಡೆಗೆ ತಿರುಗಿಸಿದಾಗ. ಉತ್ಪ್ರೇಕ್ಷೆಯಲ್ಲ, ಈ ದೇಶದಲ್ಲಿ ನಡೆದದ್ದು. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಚಾರ್ಲ್ಸ್ ಡೇವನ್‌ಪೋರ್ಟ್ ಎಂಬ ವಿಜ್ಞಾನಿಯಿದ್ದ. ಕೋಳಿಗಳ ಜುಟ್ಟು, ಗರಿ, ಬಣ್ಣ ಹೇಗೆ ಮರಿಗಳಿಗೆ ಇಳಿಯುತ್ತವೆಂದು ಬಹಳ ಶ್ರದ್ಧೆಯಿಂದ ಪ್ರಯೋಗ ಮಾಡಿ 1906ರಲ್ಲೂ 1909ರಲ್ಲೂ ಗ್ರಂಥ ಪ್ರಕಟಿಸಿದ. 1910ರಲ್ಲಿ ಅಲ್ಲೇ ಯುಜೆನಿಕ್ಸ್ ರೆಕಾರ್ಡ್ ಆಫೀಸ್ ತೆರೆದ. ಮನುಷ್ಯರಲ್ಲಿ ಒಳ್ಳೆಯ ತಳಿ ಯಾವುದು, ಕೆಟ್ಟದ್ದು ಯಾವುದು ಎಂದು ಮನೆಮನೆಯ ವಂಶವೃಕ್ಷ ಸಂಗ್ರಹಿಸುವ ಕಚೇರಿ. ಅಲ್ಲಿನ ಲಾಫ್ಲಿನ್ ಎಂಬವನು ಬರೆದ ಮಾದರಿ ಕಾನೂನನ್ನು ಹಲವು ರಾಜ್ಯಗಳು ನೋಡಿಕೊಂಡವು. ಈ ದೇಶದಲ್ಲಿ ಅಂಥ ಕಾನೂನುಗಳಡಿ 60,000ಕ್ಕೂ ಹೆಚ್ಚು ಜನರಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿದರು. ಮಾಡಿದವರು ವೈದ್ಯರು, ನನ್ನ ವೃತ್ತಿಯವರೇ. ಅದೇ ಲಾಫ್ಲಿನ್ ಸಂಸತ್ತಿನ ಸಮಿತಿಯ ಮುಂದೆ ಹೇಳಿಕೆ ಕೊಟ್ಟು 1924ರ ವಲಸೆ ಕಾನೂನಿಗೆ ಬಲ ತುಂಬಿದ. 1917ರಲ್ಲೇ ಭಾರತ ನಿಷೇಧಿತ ವಲಯಕ್ಕೆ ಸೇರಿತ್ತು. 1946ರಲ್ಲಿ ವರ್ಷಕ್ಕೆ 100 ಜನರೆಂದು ಕಿಂಡಿ ತೆರೆದರು, 1965ರ ಕಾನೂನಿನಿಂದ ಬಾಗಿಲು ತೆರೆಯಿತು. ಅಂದರೆ ಓದುಗ ಮಿತ್ರರೇ, ಬಹಳ ವರ್ಷಗಳ ಕಾಲ ಈ ದೇಶದ ಲೆಕ್ಕದಲ್ಲಿ ನಾವು ನೀವೆಲ್ಲ "ಕೊಡುವುದು" ಎಂಬ ಡಬ್ಬದಲ್ಲಿದ್ದವರು.

ಡೇವನ್‌ಪೋರ್ಟನನ್ನು ಬೈದು ಇಲ್ಲಿಗೆ ಲೇಖನ ಮುಗಿಸಿದ್ದರೆ ನನಗೆ ಸುಖವಾಗಿರುತ್ತಿತ್ತು. ಆದರೆ ಮಗಳ ಡಬ್ಬ ನೋಡಿದಾಗ ಚುಚ್ಚಿದ್ದು ಅವನ ನೆನಪಲ್ಲ. ಮಗು ಹುಟ್ಟಿದ ಕೋಣೆಗೆ ನಾನು ಹೋದಾಗ, ನಮ್ಮವರ ಮನೆಯಾದರೆ, ಊರಿನಿಂದ ಬಾಣಂತನಕ್ಕೆ ಬಂದ ಅಜ್ಜಿ ಒಬ್ಬರು ಇದ್ದೇ ಇರುತ್ತಾರೆ. "ಗಂಡೋ ಹೆಣ್ಣೋ" ಮೊದಲೇ ಗೊತ್ತಿರುತ್ತದೆ. ಆಮೇಲಿನ ಮಾತು ಬಣ್ಣದ್ದು. "ಈಗ ಕೆಂಪಗಿದೆ ಡಾಕ್ಟ್ರೇ, ಆದ್ರೆ ಕಿವಿ ಅಂಚು ನೋಡಿ, ಆಮೇಲೆ ಕಪ್ಪಾಗುತ್ತೆ." ಅವರು ಹೇಳುವುದು ವೈದ್ಯಕೀಯವಾಗಿ ಸುಳ್ಳಲ್ಲ. ನಮ್ಮ ಮಕ್ಕಳ ಚರ್ಮದಲ್ಲಿ ಮೆಲನಿನ್ ತುಂಬಿಕೊಳ್ಳಲು ಕೆಲವು ವಾರ, ತಿಂಗಳು ಬೇಕು. ಹೃದಯದ ಬಡಿತ ಚೆನ್ನಾಗಿದೆ, ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದು ನಾನು ಹೇಳುತ್ತಿರುವಾಗ ಅವರ ದೃಷ್ಟಿ ಕಿವಿಯ ಮೇಲೇ ಇರುತ್ತದೆ. ನಮ್ಮ ಭಾಷೆಯಲ್ಲೇ ಆ ತಕ್ಕಡಿ ಇದೆ. ಗೋಧಿ ಬಣ್ಣ, ಎಣ್ಣೆಗೆಂಪು, "ಕಪ್ಪಾದರೂ ಲಕ್ಷಣವಾಗಿದ್ದಾಳೆ". ಆ "ಆದರೂ" ನಮ್ಮ ಎಷ್ಟು ಹೆಣ್ಣುಮಕ್ಕಳ ಬೆನ್ನ ಮೇಲೆ ಕೂತಿದೆಯೋ!

ಆ ಅಜ್ಜಿಯರನ್ನು ಬೈಯಲೂ ನನಗೆ ಹಕ್ಕಿಲ್ಲ. 1998ರ ಡಿಸೆಂಬರಿನಲ್ಲಿ ರೆಸಿಡೆನ್ಸಿಯಿಂದ ಎರಡು ವಾರ ರಜೆ ಪಡೆದು ಹೆಣ್ಣು ನೋಡಲು ಊರಿಗೆ ಹೋಗಿದ್ದೆ. ನಿಮ್ಮಲ್ಲಿ ಹಲವರು ಹಾಗೇ ಹೋದವರು, ಹೆಚ್ಚು ವಿವರಿಸಬೇಕಿಲ್ಲ. ಅಪ್ಪ ಪಟ್ಟಿ ಸಿದ್ಧಮಾಡಿದ್ದರು. ನಾಲ್ಕನೆಯದೋ ಐದನೆಯದೋ ಮನೆ. ಹುಡುಗಿ ಎಂಎಸ್ಸಿ ಓದಿದ್ದಳು. ನಾನು ಏನೋ ದೊಡ್ಡದಾಗಿ ಅಮೆರಿಕದ ಬಗ್ಗೆ ಹೇಳಿದಾಗ ನಕ್ಕು, ಬಹಳ ಸರಿಯಾದ ಒಂದು ಪ್ರಶ್ನೆ ಕೇಳಿದಳು. ನನಗೆ ಉತ್ತರ ಬರಲಿಲ್ಲ. ಅವಳೊಡನೆ ಮಾತಾಡಿದಷ್ಟು ಸುಲಭವಾಗಿ ಬೇರೆ ಯಾವ ಮನೆಯಲ್ಲೂ ಮಾತಾಡಿರಲಿಲ್ಲ. ಮನೆಗೆ ಬಂದು ಅಪ್ಪನಿಗೆ "ಯಾಕೋ ಹೊಂದೋಲ್ಲ" ಎಂದೆ. ಅಪ್ಪ ನನ್ನ ಮುಖ ನೋಡಿದರು. ಕಾರಣ ಕೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಅವರ ಮನೆಗೆ "ಜಾತಕ ಕೂಡಿಬರಲಿಲ್ಲ" ಎಂದು ಹೇಳಿ ಕಳಿಸಿದರು. ಜಾತಕ ಚೆನ್ನಾಗಿಯೇ ಕೂಡಿತ್ತು. ಗ್ರಹಗಳ ಮೇಲೆ ಹಾಕಿದ ಆ ಸುಳ್ಳಿಗೂ "ದೊಡ್ಡ ಫಾರಮ್ಮಿಗೆ ಹೋದವು" ಎಂಬ ನನ್ನ ಸುಳ್ಳಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಇದನ್ನು ಅಚ್ಚಿಗೆ ಕೊಡುವ ಮುಂಚೆ ನನ್ನ ಹೆಂಡತಿಗೆ ಓದಿಸಿದ್ದೇನೆ. ಕನ್ನಡಕ ತೆಗೆದು, "ಹಾಗಾದ್ರೆ ನಾನು ನೀಲಿ ಡಬ್ಬದವಳಾ?" ಎಂದು ಕೇಳಿದಳು. ಏನು ಹೇಳಿದರೂ ತಪ್ಪಾಗುತ್ತಿತ್ತು. ಸುಮ್ಮನೆ ಕಾಫಿ ಮಾಡಲು ಹೋದೆ. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಕೊರತೆಯೇನೂ ಆಗಿಲ್ಲ. ಆ ಹುಡುಗಿಗೂ ಒಳ್ಳೆಯ ಮನೆ ಸಿಕ್ಕಿತೆಂದು ಆಮೇಲೆ ಕೇಳಿದ್ದೇನೆ. ಆದ್ದರಿಂದ ಯಾರಿಗೂ ನಷ್ಟವಾಗಲಿಲ್ಲವಲ್ಲ ಎಂದು ನೀವು ಹೇಳಬಹುದು. ನಾನೂ ಬಹಳ ಕಾಲ ಹಾಗೇ ಹೇಳಿಕೊಂಡೆ. ಆದರೆ ಆ ಸಂಜೆ ಒಬ್ಬ ಮನುಷ್ಯಳ ಮಾತು, ಓದು, ನಗು ಎಲ್ಲವನ್ನೂ ನೋಡಿದ ಮೇಲೂ ನಾನು ಗರಿಯನ್ನೇ ನೋಡಿ ಡಬ್ಬ ಆರಿಸಿದೆ. ಅವಳಿಗೆ ಒಳ್ಳೆಯದಾಯಿತೆಂಬುದರಿಂದ ನಾನು ಮಾಡಿದ್ದು ಒಳ್ಳೆಯದಾಗುವುದಿಲ್ಲ.

ಮಗಳಿಗೆ ರೈತನ ವಿಷಯ ಹೇಳಿದೆ. "ಗೊತ್ತು ಅಪ್ಪ. ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದಳು. ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಕಾಗದ ಪೆನ್ಸಿಲ್ ತಂದು ಇಬ್ಬರೂ ಕೂತು ಈ ವಸಂತದ ಲೆಕ್ಕ ಹಾಕಿದೆವು. ಬೂದುಬಣ್ಣವೇ ಸಾಕೆಂದರೆ ಲ್ಯಾವೆಂಡರ್ ಎಂಬ ಬೇರೆ ಜೀನಿದೆ. ಅದರ ಜೋಡಿಯಿಂದ ಮರಿಗಳೆಲ್ಲ ಒಂದೇ ಬಣ್ಣ. (ಅದೇ ಜೀನು ಮನುಷ್ಯರಲ್ಲಿ ಕೆಟ್ಟರೆ ಕೂದಲು ಬೆಳ್ಳಿಯ ಹಾಗಾಗುತ್ತದೆ, ಆ ಮಕ್ಕಳು ಮಿಕ್ಕಂತೆ ಆರೋಗ್ಯವಾಗಿರುತ್ತಾರೆ.) ಆದರೆ ಆ ಕೋಳಿಗಳ ಗರಿ ಹರಕಲಾಗುವುದುಂಟು, ಆ ಅಂಚೂ ಇರುವುದಿಲ್ಲ. ಮಗಳು ಒಪ್ಪಲಿಲ್ಲ. ಆಗ ಚೌಕವನ್ನು ಇನ್ನೊಂದು ರೀತಿ ಬರೆದೆವು. ಕಪ್ಪು ಹೇಂಟೆಗೆ ಸ್ಪ್ಲ್ಯಾಶ್ ಹುಂಜ. ತಾಯಿಯಿಂದ ನೀಲಿ ಜೀನು ಬರುವುದಿಲ್ಲ, ತಂದೆಯಿಂದ ತಪ್ಪದೆ ಒಂದು ಬರುತ್ತದೆ. ಅಂದರೆ ಪ್ರತಿ ಮರಿಯೂ ನೀಲಿ! ಯಾರೂ ಕೇಳಿಕೊಂಡು ಬರದ ಮೂರು ಕಪ್ಪು ಹೇಂಟೆಗಳು, ಕಾಲು ಸೊಟ್ಟಗಿದ್ದ ಆ ಒಂದು ಹುಂಜ. ಸಾಕಣೆದಾರರಿಗೆ ನೂರು ವರ್ಷದಿಂದ ಗೊತ್ತಿರುವ ಉಪಾಯವೇ, ನಮಗೆ ಹೊಸದು. ಹುಂಜದ ಸೊಟ್ಟಗಾಲು ಮರಿಗಳಿಗೆ ಇಳಿಯುತ್ತದೋ ಏನೋ ಎಂದು ನಾನು ಅನುಮಾನಪಟ್ಟೆ. ಮೊಟ್ಟೆಯೊಡೆಯುವಾಗ ಜಾರುವ ನೆಲದ ಮೇಲೆ ನಿಂತು ಹಾಗಾದದ್ದು, ನೀನೇ ಅಲ್ಲವೇ ನ್ಯೂಸ್‌ಪೇಪರ್ ಹಾಸಿದ್ದು ಎಂದು ಬಾಯಿ ಮುಚ್ಚಿಸಿದಳು.

ಇದರಿಂದ ಬಣ್ಣದ ಡಬ್ಬ ಒಂದು ತಪ್ಪಿತು, ಹುಂಜದ ಸಮಸ್ಯೆ ತಪ್ಪಲಿಲ್ಲ. ಅರ್ಧ ಹುಂಜಗಳೇ ಬರುತ್ತವೆ. ಅದಕ್ಕೆ ಈ ಸಲ ಹನ್ನೆರಡು ಮೊಟ್ಟೆ ಮಾತ್ರ ಇಟ್ಟಿದ್ದೇವೆ. ಇಡುವ ಮುಂಚೆಯೇ ಆರು ಹುಂಜಕ್ಕೆ ಎಲ್ಲೆಲ್ಲಿ ಜಾಗವಿದೆ ಎಂದು ಬರೆದಿಟ್ಟಿದ್ದೇವೆ. ಮೂರು ನಮ್ಮಲ್ಲೇ, ಹೊಸ ಗೂಡಿನಲ್ಲಿ. ಒಂದು ನರ್ಸ್ ಮನೆಗೆ. ಎರಡಕ್ಕೆ ಇನ್ನೂ ಜಾಗವಿಲ್ಲ. ಆ ರೈತನ ಹೆಸರೂ ಪಟ್ಟಿಯ ಕೊನೆಯಲ್ಲಿದೆ, ಮಗಳೇ ಬರೆದಳು, ಪಕ್ಕದಲ್ಲಿ "ತಿನ್ನುತ್ತಾರೆ" ಎಂದೂ ಬರೆದಳು.

ಇಂದಿಗೆ ಹದಿನಾಲ್ಕನೆಯ ದಿನ. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಹನ್ನೊಂದು ಮೊಟ್ಟೆಗಳಲ್ಲಿ ಜೀವ ಆಡುತ್ತಿದೆ. ನಮ್ಮ ಕೂಟದಲ್ಲಿ ಊರಾಚೆ ಜಾಗವಿರುವವರು ಯಾರಾದರೂ ಹುಂಜ ಸಾಕಲು ಸಿದ್ಧರಿದ್ದರೆ ಮುಂದಿನ ಕಾರ್ಯಕ್ರಮದಲ್ಲಿ ನನ್ನನ್ನು ಕಾಣಿ. ಕೊಡುವ ಮುಂಚೆ ಒಂದೆರಡು ಪ್ರಶ್ನೆ ಕೇಳುತ್ತೇನೆ, ಬೇಸರಪಟ್ಟುಕೊಳ್ಳಬೇಡಿ.